ಮೂವತ್ತು ಪ್ರಾರ್ಥನೆಯ ಅಂಟು

ಆ ಬೀದಿಯಲ್ಲಿ ಅವಳನ್ನು ನಿಧಾನಕ್ಕ ಎಂದು ಕರೆಯುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ಕುಚೋದ್ಯ. ಒಂದು ಕಾಲು ಗಿಡ್ಡವಾದವರಿಗೆ, ಸೊಂಟದ ಮೂಳೆ ಮುರಿದು ಕೂಡಿದವರಿಗೆ, ಹುಟ್ಟಿನಿಂದ ಪಾದ ತಿರುಚಿಕೊಂಡವರಿಗೆ ಅಳತೆ ನೋಡಿ ಬೂಟು ಸರಿಮಾಡಿಕೊಡುವುದು ಅವಳ ಕಸುಬು. ವಾರಕ್ಕೆ ಒಂದು ಜೊತೆ, ಹೆಚ್ಚೆಂದರೆ ಒಂದೂವರೆ. ಯಾವಾಗ ಆಗುತ್ತದೆ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ಆದಾಗ ಆಗುತ್ತೆ." ಅವಸರ ಮಾಡಿದವರಿಗೆ ಬಾಗಿಲು ತೋರಿಸುವುದರಲ್ಲಿ ಮಾತ್ರ ಆಕೆ ಬಹಳ ಚುರುಕು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಕಿಟಕಿಯ ಪಕ್ಕ ಕೆಲಸದ ಮೇಜು, ಅದರ ಮೇಲೆ ಎರಡು ಚಾಕು, ಉಜ್ಜುವ ಕಲ್ಲು, ಅಂಟಿನ ಡಬ್ಬಿ. ಗೋಡೆಗೆ ಒರಗಿಸಿಟ್ಟ ಬಿರಡೆಯ, ಅಂದರೆ ಕಾರ್ಕಿನ, ಹಾಳೆಗಳು. ಗಿಡ್ಡ ಕಾಲಿನ ಬೂಟಿನ ಅಟ್ಟೆ ಬಿಚ್ಚಿ, ಆ ಹಾಳೆಯನ್ನು ಪದರ ಪದರವಾಗಿ ಅಂಟಿಸಿ, ಎತ್ತರ ಕೂಡಿದ ಮೇಲೆ ಅಟ್ಟೆಯನ್ನು ಮತ್ತೆ ಕೂರಿಸಬೇಕು. ಗೋಡೆಯಲ್ಲಿ ಒಂದು ಮೊಳೆ ಇತ್ತು, ಅದರ ಕೆಳಗೆ ಬಣ್ಣ ಮಾಸದ ಒಂದು ದುಂಡು ಗುರುತು. ಹಿಂದೆ ಅಲ್ಲಿ ಗಡಿಯಾರವಿತ್ತು. ಈಗ ಆ ಮನೆಯಲ್ಲಿ ಗಡಿಯಾರವೇ ಇಲ್ಲ.

ಆದರೆ ಅಂಟಿಗೆ ಹೊತ್ತು ಬೇಕಲ್ಲ? ಎರಡೂ ಮೈಗೆ ಅಂಟು ಬಳಿದು, ಒತ್ತುವ ಮೊದಲು ಅದನ್ನು ಒಣಗಲು ಬಿಡಬೇಕು. ಬೇಗ ಒತ್ತಿದರೆ ಒಳಗೆ ಹಸಿ ಉಳಿದು ನಾಲ್ಕು ದಿನಕ್ಕೆ ಬಾಯಿಬಿಡುತ್ತದೆ. ಆ ಹೊತ್ತನ್ನು ನಿಧಾನಕ್ಕ ಯೇಸು ಕಲಿಸಿದ ಪ್ರಾರ್ಥನೆಯಿಂದ ಅಳೆಯುತ್ತಿದ್ದಳು. ಒಂದೊಂದು ಸಾಲನ್ನೂ ಮನಸ್ಸಿಗೆ ತಂದುಕೊಂಡು, ಬೆರಳ ಗೆಣ್ಣಿನಲ್ಲಿ ಎಣಿಸಿಕೊಂಡು, ಮೂವತ್ತು ಸಲ. ಮೂವತ್ತನೆಯ ಆಮೆನ್ ಆದ ಕೂಡಲೇ ಒತ್ತಿದಳೆಂದರೆ ಮುಗಿಯಿತು. ಬೂಟು ಸವೆಯಬೇಕೇ ಹೊರತು ಪದರ ಬಿಡುವ ಮಾತೇ ಇಲ್ಲ. ಹನ್ನೊಂದು ವರ್ಷದಲ್ಲಿ ಅಂಟು ಬಿಟ್ಟಿತೆಂದು ಒಂದೇ ಒಂದು ಬೂಟು ವಾಪಸು ಬಂದಿರಲಿಲ್ಲ.

ಇಷ್ಟು ಕೇಳಿ ಆಕೆ ಹುಟ್ಟಾ ತಣ್ಣಗಿನ ಹೆಂಗಸು, ಸಾಧ್ವಿ ಎಂದುಕೊಂಡರೆ ನೀವು ಕೆಟ್ಟಿರಿ. ಹನ್ನೆರಡು ವರ್ಷದ ಹಿಂದೆ ಅವಳ ಅಡ್ಡಹೆಸರು ಮಿಂಚು. ಊರಾಚೆಯ ಬೂಟಿನ ಕಾರ್ಖಾನೆಯಲ್ಲಿ ಅಟ್ಟೆ ಕತ್ತರಿಸುವ ಯಂತ್ರದ ಮುಂದೆ ನಿಂತರೆ ಪಾಳಿಗೆ ಒಂಬೈನೂರು ಅಟ್ಟೆ. ಪಕ್ಕದ ಯಂತ್ರದಲ್ಲಿ ಅವಳ ತಂಗಿ. ತಂಗಿ ಏನು ಮಾಡಿದರೂ ಏಳುನೂರು ದಾಟುತ್ತಿರಲಿಲ್ಲ. ಅವಳ ಬೆರಳುಗಳಿಗೆ ಬೇರೆ ವಿದ್ಯೆ ಗೊತ್ತಿತ್ತು. ಭಾನುವಾರ ಪ್ರಾರ್ಥನಾಲಯದಲ್ಲಿ ಆರ್ಗನ್ ನುಡಿಸುತ್ತಿದ್ದವಳು ಅವಳೇ.

ಆ ಯಂತ್ರಗಳ ಸಾಲಿಗೆ ಒಬ್ಬ ಮೇಸ್ತ್ರಿಯಿದ್ದ. ಕುತ್ತಿಗೆಯಲ್ಲಿ ಸೀಟಿ, ಅಂಗೈಯಲ್ಲಿ ಸೆಕೆಂಡು ಎಣಿಸುವ ಗಡಿಯಾರ. ಎಲ್ಲರೂ ಅವನನ್ನು ಸೀಟಿ ಮೇಸ್ತ್ರಿ ಎನ್ನುತ್ತಿದ್ದರು, ಅವನ ಬೆನ್ನ ಹಿಂದೆ. ಅವನು ಯಾರ ಮುಖವನ್ನೂ ನೋಡಿ ಮಾತಾಡಿದವನಲ್ಲ, ಕಣ್ಣು ಸದಾ ಕೈಗಳ ಮೇಲೆ. ತಂಗಿಯ ಹಿಂದೆ ಬಂದು ನಿಂತು ಸೀಟಿ ಊದುತ್ತಿದ್ದ. "ಒಂದೇ ತಾಯಿ ಹೊಟ್ಟೇಲಿ ಹುಟ್ಟಿದ್ದಲ್ವಾ? ಅಕ್ಕನ ಕೈ ನೋಡಿ ಕಲಿ. ಅವಳಿಗೆ ಬರೋದು ನಿಂಗ್ಯಾಕೆ ಬರಲ್ಲ?" ಅಕ್ಕ ಅದನ್ನು ಕೇಳಿಸಿಕೊಂಡು ಏನು ಮಾಡುತ್ತಿದ್ದಳು ಗೊತ್ತೆ? ಇನ್ನಷ್ಟು ಬೇಗ ಕೈ ಆಡಿಸುತ್ತಿದ್ದಳು. ಹೊಗಳಿಕೆ ಯಾರಿಗೆ ಬೇಡ.

ಕೈ ಒಳಕ್ಕೆ ಹೋಗದ ಹಾಗೆ ಯಂತ್ರಕ್ಕೆ ಕಬ್ಬಿಣದ ಜಾಲರಿಯೊಂದು ಅಡ್ಡವಿರುತ್ತದೆ. ಅದಿದ್ದರೆ ಅಟ್ಟೆಗೆ ಎರಡು ಸೆಕೆಂಡು ಹೆಚ್ಚು. ಒಂದು ಸೋಮವಾರ ಮೇಸ್ತ್ರಿ ತಂಗಿಯ ಯಂತ್ರದ ಜಾಲರಿಯನ್ನು ತಾನೇ ನಿಂತು ಬಿಚ್ಚಿಸಿದ. ಬುಧವಾರ ಮಧ್ಯಾಹ್ನ ಯಂತ್ರ ತಂಗಿಯ ಬಲಗೈಯ ಮೂರು ಬೆರಳು ತೆಗೆದುಕೊಂಡಿತು. ಹೆಬ್ಬೆರಳು, ಕಿರುಬೆರಳು ಉಳಿದವು.

ತಂಗಿಯನ್ನು ಆಸ್ಪತ್ರೆಯ ಗಾಡಿಗೆ ಹತ್ತಿಸಿ ಅರ್ಧ ಗಂಟೆಯೂ ಆಗಿರಲಿಲ್ಲ. ಜೊತೆಗೆ ಹೋಗುತ್ತೇನೆಂದ ಅಕ್ಕನನ್ನು ತಡೆದು ನಿಲ್ಲಿಸಿದ ಮೇಸ್ತ್ರಿ ಒಂದು ಕಾಗದ ಹಿಡಿದು ಬಂದ. ಸಾಲು ನಿಂತಿತ್ತು, ಅವನ ಪ್ರಾಣ ಅದರಲ್ಲಿತ್ತು. "ಇಲ್ಲೊಂದು ರುಜು ಹಾಕು, ಆಸ್ಪತ್ರೆಗೆ ಕಳಿಸ್ಬೇಕು. ಹತ್ತು ಸೆಕೆಂಡಿನ ಕೆಲಸ." ಅವಳು ಓದಲಿಲ್ಲ. ಹಾಕಿದಳು. ಮಿಂಚಲ್ಲವೆ, ಹತ್ತು ಸೆಕೆಂಡೂ ಹಿಡಿಯಲಿಲ್ಲ. ಕಾಗದದಲ್ಲಿ ಏನಿತ್ತೆಂದು ಕಚೇರಿಯ ಗುಮಾಸ್ತೆ ಪಿಸುಗುಟ್ಟಿದ್ದು ಒಂದು ತಿಂಗಳ ಮೇಲೆ, ತಂಗಿಯನ್ನು ಕೆಲಸದಿಂದ ತೆಗೆದ ದಿನ: ಜಾಲರಿಯನ್ನು ಕೆಲಸಗಾರ್ತಿ ತಾನೇ ಬಿಚ್ಚಿದ್ದಳು, ಗಾಯಕ್ಕೆ ಅವಳ ಅಜಾಗರೂಕತೆಯೇ ಕಾರಣ. ಕೆಳಗೆ ಸಾಕ್ಷಿಯ ರುಜು ಸ್ವಂತ ಅಕ್ಕನದು.

ಅಕ್ಕ ಅವತ್ತೇ ಕೆಲಸ ಬಿಟ್ಟಳು. ರುಜುವಿನ ವಿಷಯವನ್ನು ಮಾತ್ರ ತಂಗಿಗೆ ಹೇಳಲಿಲ್ಲ. ನಾಳೆ ಹೇಳುತ್ತೇನೆ ಎಂದು ಹನ್ನೆರಡು ವರ್ಷ ತಳ್ಳಿದಳು. ಬೇರೆ ಎಲ್ಲದರಲ್ಲೂ ಅವಸರದವಳಿಗೆ ಇದೊಂದರಲ್ಲಿ ಎಲ್ಲಿಲ್ಲದ ಸಾವಧಾನ.

ಕಾರ್ಖಾನೆ ಬಿಟ್ಟರೂ ಕಾರ್ಖಾನೆ ಅವಳ ಮೈ ಬಿಡಲಿಲ್ಲ. ನಾಲ್ಕು ನಿಮಿಷಕ್ಕೆ ಊಟ, ಎರಡು ನಿಮಿಷಕ್ಕೆ ಸ್ನಾನ, ನಿದ್ದೆಯಲ್ಲೂ ಕೈ ಆಡುತ್ತಿತ್ತು. ಪ್ರಾರ್ಥನಾಲಯದಲ್ಲಿ ಮೇಣದಬತ್ತಿ ಹಚ್ಚುವ ಒಬ್ಬ ಮುದುಕಿ ಇದ್ದಳು, ಎಲ್ಲರೂ ಅವಳನ್ನು ಬತ್ತಿ ಅಜ್ಜಿ ಎನ್ನುತ್ತಿದ್ದರು. ಒಂದು ದಿನ ಆಕೆ ಇವಳ ಪಕ್ಕ ಕೂತು ಕಿವಿಗೊಟ್ಟು ಕೇಳಿ, "ನೀನು ಪ್ರಾರ್ಥನೆ ಮಾಡ್ತಿಲ್ಲ ಮಗಳೇ, ಪಾಳಿ ಮುಗಿಸ್ತಿದೀಯ" ಎಂದಳು. ಇವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆಮೇಲೆ ಅಜ್ಜಿ ಕಲಿಸಿದ್ದು ಮೂರೇ ಮೂರು. ಒಂದು ಹೊತ್ತಿಗೆ ಒಂದು ಕೆಲಸ. ಭಾನುವಾರ ಕೈಗೆ ಪೂರ್ತಿ ಬಿಡುವು. ಮನಸ್ಸಿಲ್ಲದ ಮಾತು ದೇವರ ಮುಂದೆ ಬೇಡ. "ಗಡಿಯಾರ ಆ ಮೇಸ್ತ್ರಿದು. ಹೊತ್ತು ದೇವರದು. ಅವನದನ್ನ ಅವನಿಗೇ ಬಿಟ್ಟುಬಿಡು" ಎಂದಳು ಅಜ್ಜಿ. ಇವಳು ಮನೆಗೆ ಬಂದು ಗಡಿಯಾರ ಇಳಿಸಿದಳು. ಸೋದರಮಾವನ ಹತ್ತಿರ ಈ ಗಿಡ್ಡ ಕಾಲಿನ ಬೂಟಿನ ಕೆಲಸ ಕಲಿತಳು. ಅಂಟಿನ ಲೆಕ್ಕ ಮಾವ ನಿಮಿಷದಲ್ಲಿ ಹೇಳಿದ್ದನ್ನು ಇವಳು ಪ್ರಾರ್ಥನೆಗೆ ತಿರುಗಿಸಿಕೊಂಡಳು. ತಂಗಿ ಎಡಗೈಯಲ್ಲಿ ಬರೆಯಲು ಕಲಿತು ಅಂಗಡಿಯ ಅಳತೆ, ಪತ್ರ, ಗಿರಾಕಿಗಳ ಮಾತುಕತೆ ನೋಡಿಕೊಂಡಳು. ಭಾನುವಾರ ಆರ್ಗನ್ನಿನ ಮುಂದೆ ಈಗಲೂ ಅವಳೇ. ಎಡಗೈಯ ಕೆಳಸ್ವರ ಮಾತ್ರ ಅವಳದು, ಮೇಲಿನ ರಾಗವನ್ನು ಸಭೆಯವರೇ ಹಾಡಿಕೊಳ್ಳಬೇಕು.

ಹೀಗೆ ಬದುಕು ಹದಕ್ಕೆ ಬಂತು, ನಿಜ. ಆದರೆ ನಿಧಾನವಾಗಿ ಬದುಕುವವರ ಸಿಟ್ಟೂ ನಿಧಾನವಾಗಿಯೇ ಬೇಯುತ್ತದೆ. ಓಡುವವನಿಗೆ ದ್ವೇಷ ಸಾಕಲು ಪುರಸೊತ್ತೆಲ್ಲಿ? ಇವಳಿಗೆ ಪುರಸೊತ್ತಿತ್ತು. ತಂಗಿ ಎರಡು ಬೆರಳಿನಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ದಿನಾ ಬೆಳಿಗ್ಗೆ ನೋಡುತ್ತಿದ್ದಳು. ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎಂದು ಕೇಳುವ ಸಾಲು ಪ್ರಾರ್ಥನೆಯಲ್ಲಿ ಬರುತ್ತದಲ್ಲ, ಅಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಹಾಲಿಗೆ ನೀರು ಬೆರೆಸುವವನನ್ನು ಕ್ಷಮಿಸಿದಳು, ಬಾಯಿಬಡುಕಿ ಪಕ್ಕದ ಮನೆಯವಳನ್ನು ಕ್ಷಮಿಸಿದಳು, ಮಳೆ ಸೋರುವ ಸೂರು ರಿಪೇರಿ ಮಾಡಿಸದ ಮನೆ ಯಜಮಾನನನ್ನೂ ಕ್ಷಮಿಸಿದಳು. ಮೇಸ್ತ್ರಿಯನ್ನು ಆ ಪಟ್ಟಿಗೆ ಸೇರಿಸಲಿಲ್ಲ. ಎದುರಿಗಿಲ್ಲದವನ ಮಾತು ಈಗ ಯಾಕೆ ಎಂದುಕೊಂಡಳು. ದೇವರೂ ಒತ್ತಾಯ ಮಾಡಲಿಲ್ಲ.

ಒಂದು ಬುಧವಾರ ತಂಗಿ ಆರ್ಗನ್ ಅಭ್ಯಾಸಕ್ಕೆ ಹೋಗಿದ್ದಾಗ ಅವನು ಎದುರಿಗೆ ಬಂದ.

ಕೋಲು ಊರಿಕೊಂಡು, ಎಡಕ್ಕೆ ವಾಲಿಕೊಂಡು. ಕೂದಲು ಬೆಳ್ಳಗಾಗಿತ್ತು, ಆದರೆ ಆ ದನಿ ಅವಳಿಗೆ ಸಾವಿರ ಜನರ ನಡುವೆಯೂ ಗೊತ್ತಾಗುತ್ತಿತ್ತು. ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದಿತ್ತಂತೆ, ಕೂಡುವಾಗ ಎಡಗಾಲು ಗಿಡ್ಡವಾಯಿತಂತೆ. ಹೊಸ ಕರಿ ಬೂಟಿನ ಜೊತೆ, ಡಾಕ್ಟರ ಚೀಟಿ ಮೇಜಿನ ಮೇಲಿಟ್ಟ. ಇಪ್ಪತ್ತು ಮಿಲಿಮೀಟರ್ ಎತ್ತರ.

"ನಾಡಿದ್ದು ಶುಕ್ರವಾರದೊಳಗೆ ಆಗ್ಲೇಬೇಕಮ್ಮ" ಎಂದ, ಅವಳ ಮುಖ ನೋಡದೆ, ಕೈ ನೋಡುತ್ತ. "ಶನಿವಾರ ಕಾರ್ಖಾನೆಯಲ್ಲಿ ನನಗೆ ಬೀಳ್ಕೊಡುಗೆ. ಮೂವತ್ತು ವರ್ಷ, ನನ್ನ ಸಾಲಿನಲ್ಲಿ ನಮ್ಮ ತಪ್ಪಿಂದ ಒಂದೂ ಅಪಘಾತ ಇಲ್ಲ. ಅದಕ್ಕೇ ಫಲಕ ಕೊಡ್ತಿದಾರೆ. ವೇದಿಕೆ ಹತ್ತಬೇಕು. ಐನೂರು ಜನದ ಮುಂದೆ ಕುಂಟಿಕೊಂಡು ಹತ್ತಕ್ಕಾಗುತ್ತಾ?"

ಒಂದೂ ಅಪಘಾತ ಇಲ್ಲ! ಕೇಳಿದಿರಾ? ನಿಧಾನಕ್ಕನ ಎದೆಯಲ್ಲಿ ಏನಾಯಿತೆಂದು ಬಿಡಿಸಿ ಹೇಳಬೇಕೆ? ಮೇಜಿನ ಮೇಲೆ ಚಾಕುವಿತ್ತು. ಅವಳ ಕಣ್ಣು ಒಮ್ಮೆ ಅದರ ಮೇಲೆ ಹೋಗಿ ಬಂತು. ಆದರೆ ಮಾತು ಬಂದದ್ದು ಬೆಣ್ಣೆಯಷ್ಟು ಮೆತ್ತಗೆ.

"ಆಗುತ್ತೆ" ಎಂದಳು. "ಶುಕ್ರವಾರ ಬನ್ನಿ."

ಅವನನ್ನು ನಿಲ್ಲಿಸಿ, ಗಿಡ್ಡ ಕಾಲಿನ ಕೆಳಗೆ ತೆಳು ಮರದ ಹಲಗೆಗಳನ್ನು ಒಂದೊಂದಾಗಿ ಸರಿಸಿ, ಹಿಂದಿನಿಂದ ಸೊಂಟದ ಎರಡೂ ಮೂಳೆಗಳ ಮೇಲೆ ಹೆಬ್ಬೆರಳಿಟ್ಟು ಮಟ್ಟ ನೋಡಿದಳು. ಇಪ್ಪತ್ತಕ್ಕೆ ಸರಿಯಾಗಿ ಮಟ್ಟವಾಯಿತು. ಡಾಕ್ಟರು ಸರಿಯಾಗಿಯೇ ಬರೆದಿದ್ದರು. ಅವನ ಕಾಲ ಬಳಿ ಮೊಣಕಾಲೂರಿ ಕೂತಿದ್ದಾಗಲೇ ಅವಳ ತಲೆಯಲ್ಲಿ ಎಲ್ಲ ಸಿದ್ಧವಾಯಿತು.

ಹೊಸದಾಗಿ ಕೆಲಸ ಕಲಿತಾಗ ಒಬ್ಬ ಟೀಚರಮ್ಮನ ಬೂಟಿಗೆ ಅವಳು ಗೊತ್ತಿಲ್ಲದೆ ಆರು ಮಿಲಿಮೀಟರ್ ಹೆಚ್ಚು ಏರಿಸಿದ್ದಳು. ಮೊದಲು ಸ್ವಲ್ಪ ಎತ್ತರ ಅನ್ನಿಸುತ್ತದೆ, ಅಷ್ಟೆ. ಆಮೇಲೆ ಮಂಡಿ. ಆಮೇಲೆ ಬೆನ್ನು. ವರ್ಷ ತುಂಬುವಷ್ಟರಲ್ಲಿ ಪಾಪ ಆ ಟೀಚರಮ್ಮ ಕುರ್ಚಿಯಿಂದೇಳಲು ಅಳುತ್ತಿದ್ದರು, ಯಾವ ಡಾಕ್ಟರಿಗೂ ಕಾರಣ ತಿಳಿದಿರಲಿಲ್ಲ. ನಿಧಾನಕ್ಕ ತಾನೇ ಕಂಡುಹಿಡಿದು, ಕಾಲಿಗೆ ಬಿದ್ದು, ಬೇರೆ ಮಾಡಿಕೊಟ್ಟಿದ್ದಳು. ಅವತ್ತಿನ ಆ ತಪ್ಪನ್ನು ಇವತ್ತು ಬೇಕೆಂದೇ ಮಾಡಬೇಕು. ತಂಗಿಯ ಬೆರಳು ಹೋದದ್ದು ಒಂದು ಕ್ಷಣದಲ್ಲಿ. ಇವನ ನಡಿಗೆ ಹೋಗಬೇಕಾದ್ದು ವರ್ಷಗಟ್ಟಲೆ, ಹೆಜ್ಜೆ ಹೆಜ್ಜೆಗೂ, ನಿಧಾನವಾಗಿ. ಇಪ್ಪತ್ತಲ್ಲ, ಇಪ್ಪತ್ತಾರು.

ಚೀಟಿಯನ್ನು ತಂಗಿಗೆ ತೋರಿಸಲಿಲ್ಲ. "ಯಾರೋ ಮುದುಕ, ಚಿಕ್ಕ ಕೆಲಸ, ಶುಕ್ರವಾರ ಕೊಡ್ತೀನಿ ಅಂದೆ" ಎಂದಳು. ತಂಗಿ ಒಂದು ಸಲ ಅವಳ ಮುಖ ನೋಡಿ, "ಶುಕ್ರವಾರ ಅಂತ ಹೇಳ್ದೆಯಾ? ನೀನಾ?" ಎಂದು ನಕ್ಕಳು.

ಗುರುವಾರ ಮಧ್ಯಾಹ್ನ ಎಡ ಬೂಟಿನ ಅಟ್ಟೆ ಬಿಚ್ಚಿದಳು. ಬಿರಡೆಯ ಮೂರು ಪದರ ಕತ್ತರಿಸಿದಳು, ಮೇಲೊಂದು ಆರು ಮಿಲಿಮೀಟರಿನ ನಾಲ್ಕನೆಯದು. ಅಂಟು ಬಳಿದಳು. ಪ್ರಾರ್ಥನೆ ಶುರುಮಾಡಿದಳು. ಆ ಕ್ಷಮೆಯ ಸಾಲಿಗೆ ಬಂದಾಗ ನಾಲಿಗೆ ಹೊರಳಲಿಲ್ಲ. ಕೈಯಲ್ಲಿ ಅವನ ಬೂಟು, ಬಾಯಲ್ಲಿ ಕ್ಷಮೆ, ಅದು ಹೇಗೆ ಸಾಧ್ಯ? ಮನಸ್ಸಿಲ್ಲದ ಮಾತು ದೇವರ ಮುಂದೆ ಬೇಡ ಎಂದು ಬತ್ತಿ ಅಜ್ಜಿಯೇ ಹೇಳಿದ್ದಳಲ್ಲ. ಸುಳ್ಳು ಹೇಳುವುದಕ್ಕಿಂತ ಬಿಡುವುದು ಮೇಲು ಎಂದು ಆ ಸಾಲನ್ನು ಬಿಟ್ಟಳು. ಮುಂದಿನ ಸಾಲಿಗೆ ಹಾರಿದಳು. ಹೀಗೆ ಮೂವತ್ತು ಸಲ. ಪ್ರತಿ ಪದರಕ್ಕೂ ಮೂವತ್ತು. ಅಜ್ಜಿ ಬದುಕಿದ್ದರೆ ಏನನ್ನುತ್ತಿದ್ದಳೋ, ಮಣ್ಣಾಗಿ ಎರಡು ವರ್ಷವಾಗಿತ್ತು. ಮೂವತ್ತನೆಯ ಆಮೆನ್‌ಗೆ ಹಲ್ಲು ಕಚ್ಚಿ ಒತ್ತಿದಳು. ಇಷ್ಟು ಪ್ರಾಮಾಣಿಕವಾಗಿ ತಾನು ಯಾವತ್ತೂ ಪ್ರಾರ್ಥಿಸಿಲ್ಲ ಎಂದು ಅವಳಿಗೆ ಅನ್ನಿಸಿತು.

ಶುಕ್ರವಾರ, ತಂಗಿ ಸಾಮಾನು ತರಲು ಹೋಗಿದ್ದ ಹೊತ್ತಿಗೆ, ಅವನು ಬಂದು ತೊಟ್ಟು ನಾಲ್ಕು ಹೆಜ್ಜೆ ನಡೆದ. "ಸ್ವಲ್ಪ ಎತ್ತರ ಅನ್ಸುತ್ತಲ್ಲ?"

"ಹೊಸದರಲ್ಲಿ ಹಾಗೇ. ಬಿಡದೆ ಹಾಕ್ಕೊಳ್ಳಿ, ಒಗ್ಗುತ್ತೆ" ಎಂದಳು ನಿಧಾನಕ್ಕ. ಅವತ್ತು ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಶನಿವಾರ ಕಾರ್ಖಾನೆಯಲ್ಲಿ ಏನು ನಡೆಯಿತೆಂಬುದು ಸಂಜೆಯೊಳಗೆ ಬೀದಿಗೆಲ್ಲ ಹಬ್ಬಿತ್ತು. ಬ್ರೆಡ್ಡಿನ ಅಂಗಡಿಯ ಮುಂದೆ ನಿಂತಿದ್ದಾಗ, ಹಳೆಯ ಸಾಲಿನ ಗೆಳತಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದಳು. ಹೆಸರು ಕೂಗಿದರಂತೆ. ಮೇಸ್ತ್ರಿ ಎದೆ ಸೆಟೆಸಿಕೊಂಡು ಎದ್ದನಂತೆ. ಒಂದು ಮೆಟ್ಟಿಲು, ಎರಡು ಮೆಟ್ಟಿಲು. ಮೂರನೆಯದರಲ್ಲಿ ಎಡ ಬೂಟು ಬಾಯಿಬಿಟ್ಟಿತಂತೆ. ಅಟ್ಟೆ ಒಂದು ಕಡೆ, ಬಿರಡೆ ಇನ್ನೊಂದು ಕಡೆ. ಪಕ್ಕದ ಕಂಬಿ ಹಿಡಿದುಕೊಂಡದ್ದರಿಂದ ಬೀಳಲಿಲ್ಲ, ಮೆಟ್ಟಿಲ ಮೇಲೇ ಕುಕ್ಕರಿಸಿದ. ಐನೂರು ಜನ ಉಸಿರು ಬಿಗಿಹಿಡಿದಿದ್ದಾಗ ಹಿಂದಿನಿಂದ ಯಾರೋ ಸೀಟಿ ಊದಿದರು. ಆಮೇಲೆ ಇಡೀ ಸಭಾಂಗಣ ನಕ್ಕಿತು. "ಫಲಕ ಅವನು ಕೂತಲ್ಲಿಗೇ ತಂದು ಕೊಟ್ರು ಕಣೇ, ಬರಿಗಾಲಲ್ಲಿ ಇಸ್ಕೊಂಡ!"

ನಿಧಾನಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದು ಇದ್ದದ್ದು ಒಂದು ಉಸಿರಿನಷ್ಟು ಹೊತ್ತು. ಆಮೇಲೆ ತಲೆಯೊಳಗೆ ಏನೋ ತಟ್ಟಿತು.

"ಅಂಟು ಬಿಡ್ತಾ?" ಎಂದಳು. "ನಾನು ಹಾಕಿದ ಅಂಟು?"

ಮನೆಗೆ ಬಂದವಳು ಊಟ ಮಾಡಲಿಲ್ಲ. ಸಿಟ್ಟು ಈಗ ಎರಡಾಗಿತ್ತು. ಅವನ ನಡಿಗೆಯನ್ನು ವರ್ಷಗಟ್ಟಲೆ ತಿನ್ನಬೇಕಿದ್ದ ಬೂಟು ಒಂದೇ ದಿನಕ್ಕೆ ಕಿತ್ತುಬಂದು ಅವನ ಸೊಂಟವನ್ನು ಉಳಿಸಿಬಿಟ್ಟಿತ್ತು. ಹಗೆಯೂ ಹಾಳು, ಹೆಸರೂ ಹಾಳು. ಹಳೆಯ ಡಬ್ಬಿಯೇ? ಕುಂಚದಲ್ಲಿ ನೀರಿತ್ತೇ? ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಭಾನುವಾರ. ಪ್ರಾರ್ಥನಾಲಯದಲ್ಲಿ ಎಲ್ಲರೂ ಎದ್ದು ನಿಂತು ಒಟ್ಟಿಗೆ ಆ ಪ್ರಾರ್ಥನೆ ಹೇಳತೊಡಗಿದರು. ಆ ಸಾಲಿಗೆ ಬಂದಾಗ ನಿಧಾನಕ್ಕ ಬಾಯಿ ಮುಚ್ಚಿ, ಅಭ್ಯಾಸವಾದ ಹಾಗೆ ಮುಂದಕ್ಕೆ ಹಾರಿದಳು. ಅವಳ ಆಮೆನ್ ಆಗಿಹೋಯಿತು. ಸುತ್ತಲೂ ಜನ ಇನ್ನೂ ಹೇಳುತ್ತಲೇ ಇದ್ದರು. ಅವಳೊಬ್ಬಳೇ ಸುಮ್ಮನೆ ನಿಂತು ಉಳಿದವರು ಮುಗಿಸಲಿ ಎಂದು ಕಾಯುತ್ತಿದ್ದಳು. ಆ ಕಾಯುವಷ್ಟು ಹೊತ್ತು, ಮೂವತ್ತು ಸಲ! ಎಲ್ಲಕ್ಕಿಂತ ಹೆಚ್ಚು ನಿಲ್ಲುತ್ತಿದ್ದ ಸಾಲನ್ನೇ ಬಿಟ್ಟಿದ್ದಳು. ಮೇಲಾಗಿ ಸಿಟ್ಟಿನಲ್ಲಿ ಉಳಿದದ್ದನ್ನೂ ಬೇಗಬೇಗ ಹೇಳಿದ್ದಳು. ಅಂಟು ಹಸಿಯಿದ್ದಾಗಲೇ ಒತ್ತಿದ್ದಳು. ಬೆರಳಿಟ್ಟು ನೋಡುವ ಪದ್ಧತಿಯನ್ನು ಹನ್ನೊಂದು ವರ್ಷದ ಹಿಂದೆಯೇ ಬಿಟ್ಟಿದ್ದಳು, ಪ್ರಾರ್ಥನೆ ಯಾವತ್ತೂ ಕೈಕೊಟ್ಟಿರಲಿಲ್ಲವಲ್ಲ. ಅವಳು ಬೆಂಚಿನ ಮೇಲೆ ಕೂತು, ದೇವರ ಮೇಲೆ ಹಲ್ಲು ಕಡಿದಳು. ಇಂಥ ಮೋಸ ಮಾಡಬಹುದೆ? ಆರ್ಗನ್ನಿನ ಮುಂದಿನಿಂದ ತಂಗಿ ತಿರುಗಿ ನೋಡಿದಳು.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಬಾಗಿಲನ್ನು ದೂಡಿಕೊಂಡು ಬಂದಾಗ ಮುಂದೆ ಕೂತಿದ್ದವಳು ತಂಗಿ. ಅವನು ಚೀಲದಿಂದ ಬೂಟು, ಅಟ್ಟೆ, ಬಿರಡೆಯ ತುಂಡುಗಳನ್ನು ಮೇಜಿನ ಮೇಲೆ ಸುರಿದು ಕೂಗಾಡಿದ.

"ಇದೇನಾ ನಿಮ್ಮ ಕೆಲಸ? ಐನೂರು ಜನದ ಮುಂದೆ ನನ್ನ ಮಾನ ಹೋಯ್ತು! ಮೂವತ್ತು ವರ್ಷದ ಮಾನ!"

ತಂಗಿ ಒಂದು ಬಿರಡೆ ತುಂಡನ್ನು ಬಲಗೈಯಲ್ಲಿ ಎತ್ತಿಕೊಂಡಳು, ಹೆಬ್ಬೆರಳು ಕಿರುಬೆರಳಿನ ನಡುವೆ. ಮೇಸ್ತ್ರಿಯ ಮಾತು ಅಲ್ಲಿಗೇ ನಿಂತಿತು. ಮುಖ ನೋಡಿ ಗುರುತಿಸದವನು ಕೈ ನೋಡಿ ಗುರುತಿಸಿದ. ಆ ಕೈಯಿಂದ ಅವನ ಕಣ್ಣು ಒಳಬಾಗಿಲಲ್ಲಿ ನಿಂತಿದ್ದ ಅಕ್ಕನ ಕೈಗೆ ಹೋಯಿತು, ಒಂಬೈನೂರು ಅಟ್ಟೆಯ ಕೈಗೆ.

ತಂಗಿ ಗಡಿಬಿಡಿ ಮಾಡಲಿಲ್ಲ. ಅಳತೆಪಟ್ಟಿ ತೆಗೆದು ಒಂದೊಂದೇ ಪದರವನ್ನು ಅಳೆದಳು. ಸುರಿದ ತುಂಡುಗಳ ನಡುವೆ ಬಿದ್ದಿದ್ದ ಡಾಕ್ಟರ ಚೀಟಿಯನ್ನು ಓದಿದಳು.

"ಇಪ್ಪತ್ತು ಬರೆದಿದಾರೆ. ಇಲ್ಲಿ ಇಪ್ಪತ್ತಾರಿದೆ" ಎಂದಳು. "ಅಕ್ಕಾ?"

"ಬೇಕಂತಲೇ ಮಾಡ್ದೆ" ಎಂದಳು ನಿಧಾನಕ್ಕ. ತಲೆ ತಗ್ಗಿಸಲಿಲ್ಲ. "ಅಂಟು ಬಿಟ್ಟಿದ್ದು ಮಾತ್ರ ಬೇಕಂತ ಅಲ್ಲ."

ಮೇಸ್ತ್ರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಕೆಂಪಾಯಿತು. "ನನ್ನ ಕಾಲು ಮುರಿಯೋಕೆ ನೋಡಿದ್ರಾ? ಬೀದೀಲಿ ನಿಂತು ಹೇಳ್ತೀನಿ! ಈ ಅಂಗಡಿ ಮುಚ್ಚಿಸ್ತೀನಿ!"

"ಹೇಳಿ. ಜಾಲರಿ ಯಾರು ಬಿಚ್ಚಿಸಿದ್ರು ಅಂತ ನಾನೂ ಹೇಳ್ತೀನಿ."

"ನಾನೊಬ್ನೇ ಬರೆದ್ನಾ ಆ ಕಾಗದ?" ಅವನು ತಂಗಿಯ ಕಡೆ ತಿರುಗಿದ. ಬಲೆಗೆ ಬಿದ್ದ ಮನುಷ್ಯ, ಸಿಕ್ಕಿದ್ದನ್ನು ಕಚ್ಚುತ್ತಾನೆ. "ಕೆಳಗೆ ಸಾಕ್ಷಿ ಹಾಕಿದ್ದು ಯಾರು ಅಂತ ಕೇಳಮ್ಮ ನಿನ್ನ ಅಕ್ಕನ್ನ! ಕೇಳು!"

ಹನ್ನೆರಡು ವರ್ಷ ನಾಳೆಗೆ ತಳ್ಳಿದ ಮಾತನ್ನು ಈ ಪಾಪಿಯ ಬಾಯಿಂದ ತಂಗಿ ಕೇಳಬೇಕೆ? ನಿಧಾನಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ತಂಗಿ ಅಳತೆಪಟ್ಟಿಯನ್ನು ಸುತ್ತಿ ಮೇಜಿನ ಮೇಲಿಟ್ಟಳು.

"ಗೊತ್ತು" ಎಂದಳು. "ಕೆಲಸದಿಂದ ತೆಗೆದ ದಿನ ಆ ಕಾಗದ ನಂಗೂ ತೋರ್ಸಿದ್ರು."

ಎದ್ದು ಗಿರಾಕಿಗಳ ಕುರ್ಚಿಯನ್ನು ಎಳೆದು ಮೇಸ್ತ್ರಿಯ ಮುಂದಿಟ್ಟಳು. "ಕೂತ್ಕೊಳ್ಳಿ. ಈಗ್ಲೇ ಸರಿಯಾಗಿ ಮಾಡ್ಕೊಡ್ತಾಳೆ. ಇಪ್ಪತ್ತಕ್ಕೆ."

"ನಾನು ಮಾಡಲ್ಲ" ಎಂದಳು ಅಕ್ಕ.

"ಮಾಡ್ತೀಯ. ಬೆರಳು ನಂದು. ನನ್ನ ಹಗೆ ತೀರಿಸೋಕೆ ನಿಂಗೆ ಯಾರು ಹೇಳಿದ್ದು?"

"ಎಷ್ಟು ಹೊತ್ತಾಗುತ್ತೆ?" ಎಂದ ಮೇಸ್ತ್ರಿ, ಅಭ್ಯಾಸಬಲದಿಂದ ಜೇಬಿಗೆ ಕೈಹಾಕುತ್ತ.

"ಆದಾಗ ಆಗುತ್ತೆ" ಎಂದಳು ತಂಗಿ. "ಗಡಿಯಾರ ಜೇಬಲ್ಲೇ ಇರ್ಲಿ."

ಅವನು ಹೋಗುವುದೆಲ್ಲಿಗೆ? ಬರುವಾಗ ಹಾಕಿಕೊಂಡು ಬಂದಿದ್ದ ಹಳೆಯ ಎಡ ಚಪ್ಪಲಿಯನ್ನು ತಂಗಿ ಆಗಲೇ ಎತ್ತಿ ಮೇಜಿನ ಹಿಂದಿಟ್ಟಿದ್ದಳು. ಕೂತ. ನಿಧಾನಕ್ಕ ಹಳೆಯ ಅಂಟನ್ನು ಕೆರೆದು, ಪದರಗಳನ್ನು ಉಜ್ಜಿದಳು. ಆರು ಮಿಲಿಮೀಟರಿನ ತುಂಡನ್ನು ಕಸದ ಬುಟ್ಟಿಗೆ ಎಸೆದಳು. ಮೂರು ಪದರ, ಒಂದು ಅಟ್ಟೆ, ನಾಲ್ಕು ಜೋಡಣೆ. ಮೊದಲನೆಯದಕ್ಕೆ ಅಂಟು ಬಳಿದು ತುಟಿಯೊಳಗೇ ಶುರುಮಾಡಿದಳು.

"ಗಟ್ಟಿಯಾಗಿ ಹೇಳು. ನಾನು ಎಣಿಸ್ತೀನಿ" ಎಂದಳು ತಂಗಿ.

ಗಟ್ಟಿಯಾಗಿ ಹೇಳಿದಳು. ಆ ಸಾಲಿಗೆ ಬಂದು ನಿಂತಳು. "ನಂಗೆ ಆಗಲ್ಲ. ಮನಸ್ಸಿಲ್ಲದೆ ಹೇಳ್ಬಾರ್ದು ಅಂತ ಅಜ್ಜಿ—"

"ಅಂಟು ಒಣಗೋಕೆ ನಿನ್ನ ಮನಸ್ಸು ಬೇಡ ಅಕ್ಕ. ಹೊತ್ತು ಬೇಕು. ಹೇಳು."

ಹೇಳಿದಳು. ಕಲ್ಲು ಅಗಿದ ಹಾಗೆ ಹೇಳಿದಳು, ಮೇಸ್ತ್ರಿಯ ಮುಖವನ್ನೇ ನೋಡುತ್ತ. ಪ್ರತಿ ಸಲವೂ ಆ ಸಾಲಿನಲ್ಲಿ ಅವನ ಮುಖದ ಮೇಲೆ ಕಣ್ಣು ನೆಟ್ಟಳು. ಕ್ಷಮೆಯ ಮಾತನ್ನು ಬೈಗುಳದ ಹಾಗೆ ಎಸೆಯುವುದು ಹೇಗೆಂದು ನೋಡಬೇಕಿದ್ದರೆ ಅವತ್ತು ನೀವು ಆ ಕೋಣೆಯಲ್ಲಿ ಇರಬೇಕಿತ್ತು. ಮೊದಲನೆಯ ಜೋಡಣೆಯಲ್ಲಿ ಮೇಸ್ತ್ರಿ ಕಿಟಕಿಯ ಕಡೆ ನೋಡುತ್ತಿದ್ದ. ಎರಡನೆಯದರಲ್ಲಿ ಕಾಲು ಅಲ್ಲಾಡಿಸುತ್ತಿದ್ದ. ಮೂರನೆಯದರಲ್ಲಿ, ಎಡಗೈಯ ಗೆಣ್ಣು ಎಣಿಸುತ್ತ ಕೂತಿದ್ದ ತಂಗಿಯ ಮಡಿಲಲ್ಲಿದ್ದ ಬಲಗೈ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ನಾಲ್ಕನೆಯದರಲ್ಲಿ ಆ ಸಾಲು ಬಂದಾಗಲೆಲ್ಲ ಕಣ್ಣು ನೆಲಕ್ಕೆ ಹಾಕುತ್ತಿದ್ದ. ಅದು ಪಶ್ಚಾತ್ತಾಪವೋ, ಸುಸ್ತೋ, ದೇವರಿಗೇ ಗೊತ್ತು. ಅವನ ಪರ ವಕಾಲತ್ತು ವಹಿಸುವುದು ಈ ಕತೆಯ ಕೆಲಸವಲ್ಲ.

ನೂರಿಪ್ಪತ್ತನೆಯ ಆಮೆನ್ ಆಯಿತು. ಹನ್ನೊಂದು ವರ್ಷದ ಮೇಲೆ ಮೊದಲ ಸಲ ನಿಧಾನಕ್ಕ ಬೆರಳ ಹಿಂಬದಿಯಿಂದ ಅಂಟನ್ನು ಮುಟ್ಟಿ ನೋಡಿದಳು. ಒಣಗಿತ್ತು. ಒತ್ತಿದಳು. ಸುತ್ತಿಗೆಯಿಂದ ಸುತ್ತಲೂ ಬಡಿದು, ಅಂಚು ಉಜ್ಜಿ, ಅಳೆದಳು. ಇಪ್ಪತ್ತು.

ಮೇಸ್ತ್ರಿ ತೊಟ್ಟು ಎದ್ದ. ಕೋಲು ಊರದೆ ಬಾಗಿಲವರೆಗೆ ನಡೆದ. ಅಲ್ಲಿ ನಿಂತು, ಏನೋ ಹೇಳುವವನ ಹಾಗೆ ತಂಗಿಯ ಕಡೆ ತಿರುಗಿದ. ಮೊದಲ ಸಲ ಅವಳ ಮುಖ ನೋಡಿದ. ಹೊರಟುಹೋದ. ಬೀದಿಯಲ್ಲಿ ಅವನ ನಡಿಗೆ ನೆಟ್ಟಗಿತ್ತು, ಎಳ್ಳಷ್ಟೂ ವಾಲುತ್ತಿರಲಿಲ್ಲ. ಕಿಟಕಿಯಿಂದ ಅದನ್ನು ನೋಡಿದ ನಿಧಾನಕ್ಕ ಸಿಟ್ಟಿನಿಂದ ಕುಂಚ ತೊಳೆಯತೊಡಗಿದಳು.

"ನೂರಿಪ್ಪತ್ತು ಸಲ ಹೇಳ್ದೆ" ಎಂದಳು, ತಂಗಿಗೆ ಬೆನ್ನು ಹಾಕಿಕೊಂಡೇ. "ಒಂದು ಸಲಾನೂ ಮನಸ್ಸಿಂದ ಬರಲಿಲ್ಲ."

"ನಂಗೂ ಮೊದಲ ಮೂರು ವರ್ಷ ಬರಲಿಲ್ಲ."

"ನೀನು ಅವನನ್ನ ಕ್ಷಮಿಸಿದೀಯಾ?"

"ಅವನಾ?" ತಂಗಿ ಕುರ್ಚಿಯನ್ನು ಗೋಡೆಗೆ ಸರಿಸುತ್ತ ಹೇಳಿದಳು. "ಅವನದು ಸುಲಭವಾಗಿತ್ತು. ಅವನು ನಮ್ಮಮ್ಮನ ಹೊಟ್ಟೇಲಿ ಹುಟ್ಟಿರಲಿಲ್ವಲ್ಲ."

ನಿಧಾನಕ್ಕ ಕುಂಚವನ್ನು ಬದಿಗಿಟ್ಟಳು. ತಿರುಗಿ ಬಂದು ತಂಗಿಯ ಎದುರಿಗೆ ಕೂತು, ಹನ್ನೆರಡು ವರ್ಷದ ಹಿಂದಿನ ಆ ಬುಧವಾರದ ಮಧ್ಯಾಹ್ನವನ್ನು ಮೊದಲಿನಿಂದ ಹೇಳತೊಡಗಿದಳು. ತಂಗಿಗೆ ಎಲ್ಲವೂ ಗೊತ್ತಿತ್ತು. ಆದರೂ ನಡುವೆ ಬಾಯಿ ಹಾಕದೆ, ಅವಸರ ಮಾಡದೆ, ಪೂರ್ತಿ ಕೇಳಿಸಿಕೊಂಡಳು.